ಅತ್ತೆಯ ಎರಡು ಬಾಗಿಲು

ಪೊಲೀಸರು ಬರುವ ಹಿಂದಿನ ದಿನ ಅತ್ತೆ, ನನ್ನ ಗಂಡ, ನಾನು ಮೂವರೂ ಬೂದಿಯ ಗೆರೆಗಳ ನಡುವೆ ನೆಲದ ಮೇಲೆ ಮಲಗಿ ನಕ್ಕಿದ್ದೆವು.

ಮದುವೆಯಾಗಿ ನಾನು ಆ ಮನೆಗೆ ಬಂದು ಒಂದು ಮಳೆಗಾಲ ಕಳೆದಿತ್ತು, ಅಷ್ಟೆ. ಬಾವಲಿಯ ಹೊಳೆಗೆ ಈಚೆ, ಕೇರಳದ ಕಡೆ, ಕಾಡಿನ ಅಂಚಿಗೆ ಇರುವ ನಮ್ಮ ಹಾಡಿಯಲ್ಲಿ ಅತ್ತೆಯ ಮನೆ ಎಂದರೆ ಒಂದೇ ಕೋಣೆ. ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು, ಕಾಡಿನ ಕಡೆಗೆ ಒಂದು ತಗ್ಗು ಬಾಗಿಲು. ಮೂಲೆಯಲ್ಲಿ ಒಲೆ. ಎರಡು ಚಾಪೆ ಹಾಸಿದ ಮೇಲೆ ಮೂರನೆಯದನ್ನು ಹಾಸಿದರೆ ಅದರ ತುದಿ ಒಲೆಯ ಬೂದಿಗೆ ತಾಗುತ್ತಿತ್ತು. ಆ ಕೋಣೆಯೊಳಗೆ ಮಗ ಸೊಸೆಗೆ ಒಂದು ಮರೆ ಕಟ್ಟಿಕೊಡಬೇಕು ಎಂದು ಅತ್ತೆ ಹೊರಟಿದ್ದರು.

ಮನೆಯ ವಿಷಯವನ್ನು ಅವರು ಬಾಯಲ್ಲಿ ಮಾತಾಡಿ ತೀರ್ಮಾನಿಸುತ್ತಿರಲಿಲ್ಲ. ಒಲೆಯಿಂದ ಬೂದಿ ತಂದು ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಇಲ್ಲಿ ತಟ್ಟಿ, ಇಲ್ಲಿ ಒಲೆ, ಇಲ್ಲಿ ನೀರಿನ ಗಡಿಗೆ. ಎಳೆದ ಮೇಲೆ ಎಲ್ಲರೂ ಅದರೊಳಗೆ ಇದ್ದು ತೋರಿಸಬೇಕು. ಮಲಗಬೇಕು, ಮಗ್ಗಲು ಬದಲಿಸಬೇಕು, ಎದ್ದು ಕೂರಬೇಕು, ಒಲೆ ಊದುವವರ ಹಾಗೆ ಬಗ್ಗಬೇಕು. ಯಾರ ಮೈಯಾದರೂ ಗೆರೆ ದಾಟಿದರೆ ಅಂಗೈಯಿಂದ ಬೂದಿ ಒರೆಸಿ ಮತ್ತೆ ಮೊದಲಿನಿಂದ ಶುರು.

"ಕಾಲು ಮಡ್ಚು ಮಗಾ, ತಟ್ಟಿ ದಾಟ್ಕಂಡು ನನ್ ಒಲೇಗೇ ಬಂದದೆ ನಿನ್ ಕಾಲು," ಎಂದರು ಮಗನಿಗೆ.

"ನನ್ ಕಾಲು ಇದ್ದಲ್ಲೇ ಅದೆ ಅವ್ವ. ನಿನ್ ತಟ್ಟೀನೇ ಅದರ ಮ್ಯಾಲೆ ಬಂದಿರೋದು."

"ಇಷ್ಟುದ್ದ ಬೆಳೆ ಅಂತ ನಿಂಗ್ಯಾರು ಹೇಳಿದ್ರು? ನಿಮ್ಮಪ್ಪ ಈ ಮನೇಲಿ ಅಚ್ಚುಕಟ್ಟಾಗಿ ಹಿಡೀತಿದ್ದ."

"ಅಪ್ಪ ಹೊರಗ್ಲ ತಿಣ್ಣೆ ಮ್ಯಾಲೆ ಮನೀಕತಿದ್ದ. ಅದ್ಕೇ ಹಿಡೀತಿದ್ದ."

ಅತ್ತೆ ಬೂದಿಯ ಕೈಯಲ್ಲೇ ಮಗನ ತಲೆಗೆ ಮೊಟಕಿದರು. ನನ್ನ ಗಂಡನ ಕೂದಲು ಬೆಳ್ಳಗಾಯಿತು. ಮುದುಕನ ಹಾಗೆ ಕಾಣುತ್ತೀರಿ ಎಂದು ನಾನು ನಕ್ಕೆ. ಅವರೂ ನಕ್ಕರು.

ನನ್ನ ಗಂಡ ನಿಜಕ್ಕೂ ಉದ್ದ. ಹಾಡಿಯಲ್ಲಿ ಅಷ್ಟು ಎತ್ತರದವರು ಬೇರೆ ಇರಲಿಲ್ಲ. ಹುಟ್ಟಿ ಬೆಳೆದ ಮನೆಯ ಬಾಗಿಲೇ ಅವರಿಗೆ ಒಗ್ಗಿರಲಿಲ್ಲ. ಒಳಗೆ ಬರುವಾಗಲೆಲ್ಲ ಮೇಲಿನ ಮರಕ್ಕೆ ಹಣೆ ಬಡಿಯುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಅತ್ತೆ ತಿರುಗಿ ನೋಡದೆ, "ಬಂದ ನನ್ ಮಗ, ಗಂಜಿ ಬಗ್ಗಿಸು ಕೂಸೆ," ಎನ್ನುತ್ತಿದ್ದರು. ಅಂದು ಸಂಜೆಯ ತೀರ್ಮಾನ ಇಷ್ಟು: ಕೊಯ್ಲು ಮುಗಿದ ಮೇಲೆ ಬಿದಿರು ಕಡಿದು ಮರೆ ಕಟ್ಟುವುದು. ಆಗಲೇ ಬಾಗಿಲಿನ ಮೇಲಿನ ಮರ ಕಿತ್ತು ಅದನ್ನು ಎತ್ತರಿಸುವುದು. ಬೂದಿಯ ಗೆರೆ ಅಳಿಸದೆ, ಅದರೊಳಗೇ ಚಾಪೆ ಹಾಸಿಕೊಂಡು ಮಲಗಿದೆವು.

ಬೆಳಿಗ್ಗೆ ಗಂಜಿಗೆ ಅಕ್ಕಿ ಹಾಕುವ ಹೊತ್ತಿಗೆ ಪೊಲೀಸರು ಬಂದರು.

ಆ ವರ್ಷಗಳಲ್ಲಿ ನಮ್ಮ ಕಾಡಿನಲ್ಲಿ ಎರಡು ಬಗೆಯ ಹೊರಗಿನವರು ತಿರುಗುತ್ತಿದ್ದರು. ಜನ್ಮಿಗಳ, ಅಂದರೆ ಜಮೀನುದಾರರ, ಗದ್ದೆ ಉಳುವವರದಾಗಬೇಕು ಎನ್ನುವ ಹುಡುಗರು, ಮತ್ತೆ ಅವರನ್ನು ಹುಡುಕುವ ಪೊಲೀಸರು. ನನ್ನ ಗಂಡ ಆ ಹುಡುಗರ ಜೊತೆ ಹೋದವರಲ್ಲ. ಕೂಲಿಗೆ ಕೊಡುವ ಭತ್ತವನ್ನು ಸರಿಯಾದ ಅಳತೆಯಲ್ಲಿ ಕೊಡಿ ಎಂದು ಜನ್ಮಿಯ ಕಣದಲ್ಲಿ ಕೂತವರಲ್ಲಿ ಒಬ್ಬರು, ಅಷ್ಟೆ. ಹುಡುಗರು ಒಂದು ಸಲ ನಮ್ಮ ತಿಣ್ಣೆಯ ಮೇಲೆ ಕೂತು ಗಂಜಿ ಕುಡಿದು ಹೋಗಿದ್ದರು. ಹಸಿದು ಬಂದವರಿಗೆ ಗಂಜಿ ಬಗ್ಗಿಸಿದ್ದು ಅತ್ತೆ. ಯಾರೋ ಅದನ್ನು ಪೊಲೀಸರಿಗೆ ಹೇಳಿದ್ದರು.

ಪೊಲೀಸರನ್ನು ಕಂಡು ನನ್ನ ಗಂಡ ಎದ್ದು ಬಾಗಿಲ ಕಡೆಗೆ ಓಡಿದರು. ಹಣೆ ಮರಕ್ಕೆ ಬಡಿದ ಸದ್ದು ಕೇಳಿಸಿತು. ಆಮೇಲೆ ತರಗೆಲೆಯ ಮೇಲೆ ಕಾಲಿನ ಸದ್ದು. ಅದಾದ ಮೇಲೆ ಕಾಡಿನೊಳಗೆ ದೂರದಲ್ಲಿ ಇನ್ನೊಂದು ಸದ್ದು. ಗುಂಡು ಹಾರಿದ್ದೋ, ಬಿದಿರು ಒಡೆದದ್ದೋ ನಮಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಪೊಲೀಸರು ಹೋದ ಮೇಲೆ ನೋಡಿದರೆ ನೆಲದ ಬೂದಿಯಲ್ಲಿ ಬೂಟಿನ ಗುರುತು. ಅತ್ತೆ ಗುಡಿಸಲಿಲ್ಲ. ಒಲೆಯಿಂದ ಬೂದಿ ತೆಗೆದು, ಅಳಿಸಿಹೋದ ಗೆರೆಗಳನ್ನು ಇದ್ದಲ್ಲೇ ಮತ್ತೆ ಎಳೆದರು.

ನನ್ನ ಗಂಡ ತಿರುಗಿ ಬರಲಿಲ್ಲ. ಮಾನಂತವಾಡಿಯ ಸ್ಟೇಷನ್ನಿಗೆ ಹೋದೆವು. ಪೊಲೀಸರು ಕ್ಯಾಂಪು ಹಾಕಿದ್ದ ಕಡೆಗೆಲ್ಲ ಹೋದೆವು. ಅವರ ಮಲಯಾಳಕ್ಕೆ ಅತ್ತೆ ತಮ್ಮ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದರು. ಹಿಡಿದಿಲ್ಲ ಎಂದರು ಒಂದು ಕಡೆ. ಆ ಹೆಸರಿನವರು ಯಾರೂ ಇಲ್ಲ ಎಂದರು ಇನ್ನೊಂದು ಕಡೆ. ಸತ್ತಿದ್ದಾರೆ ಎಂದು ಯಾರೂ ಹೇಳಲಿಲ್ಲ. ಇದ್ದಾರೆ ಎಂದೂ ಹೇಳಲಿಲ್ಲ.

ಅತ್ತೆ ತೀರಿಹೋಗಿ ಈಗ ಒಂದು ಮಳೆಗಾಲವಾಯಿತು. ನಾನು ಹೊಳೆಯ ಆಚೆ, ಕರ್ನಾಟಕದ ಕಡೆಯ ಊರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಕಲಿತವಳು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅವರ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಅವರು ಕುಳ್ಳಗೆ, ಒಣಕಲಾಗಿ ಇದ್ದರು. ನಡೆಯುವಾಗ ಒಂದು ಭುಜ ಮುಂದೆ. ಸಣ್ಣ ಮನೆಯಲ್ಲಿ ಓರೆಯಾಗಿ ನುಸುಳಿ ನುಸುಳಿ ಬಯಲಿನಲ್ಲೂ ಹಾಗೇ ನಡೆಯುವುದು ಅಭ್ಯಾಸವಾಗಿತ್ತು. ಮನೆ ಸಣ್ಣದು ಎಂದು ಯಾರಾದರೂ ಅಂದರೆ ಒಪ್ಪುತ್ತಿರಲಿಲ್ಲ. "ಮನೆ ಸಣ್ಣದಲ್ಲ. ನಾವು ಮೈ ಅಗಲ ಮಾಡ್ಕಂಡು ಕೂರ್ತೀವಿ," ಎನ್ನುತ್ತಿದ್ದರು. ಅವರ ಅಳತೆಗಳೇ ಬೇರೆ. ಒಬ್ಬರು ಮಲಗುವಷ್ಟು. ಇಬ್ಬರು ಉಣ್ಣುವಷ್ಟು. ಮೊರ ಆಡಿಸುವಷ್ಟು. ಒಬ್ಬರ ಮೇಲೆ ಒಬ್ಬರಿಗೆ ಸಿಟ್ಟು ಬಂದಾಗ ಬೆನ್ನು ತಿರುಗಿಸಿ ಕೂರುವಷ್ಟು. ಈ ಕೊನೆಯ ಅಳತೆಯನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಅಷ್ಟು ಜಾಗ ಪ್ರತಿ ಮನೆಯಲ್ಲೂ ಇರಬೇಕು, ಇಲ್ಲದಿದ್ದರೆ ಜನ ಮನೆ ಬಿಟ್ಟು ಹೋಗುತ್ತಾರೆ ಎನ್ನುತ್ತಿದ್ದರು.

ಬಾಗಿಲಿನ ಒಳಗೋಡೆಗೆ ತಾಗಿ ಮಗನ ಚಾಪೆಯ ಜಾಗ. ಮಗ ಇಲ್ಲದಿದ್ದರೂ ಅದು ಹಗಲು ಸುರುಳಿ, ಸಂಜೆ ಹಾಸು. ಮಳೆ ಬಂದು ಮಾಡು ಸೋರಿದರೆ ನಾವಿಬ್ಬರೂ ಒಲೆಯ ಪಕ್ಕಕ್ಕೆ ಸರಿದು ಮುದುಡಿ ಮಲಗುತ್ತಿದ್ದೆವು. ಆ ಚಾಪೆಯ ಜಾಗ ಒಣಗಿದ್ದರೂ ಅತ್ತೆ ಅಲ್ಲಿಗೆ ಹೋಗುತ್ತಿರಲಿಲ್ಲ, ನನಗೂ ಹೋಗು ಎನ್ನುತ್ತಿರಲಿಲ್ಲ.

ನಮ್ಮ ಹಾಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹಿರಿಯರ ಕಾಲದಲ್ಲಿ ಗುಡಿಸಲಿನಲ್ಲಿ ಸಾವಾದರೆ ಆ ಗುಡಿಸಲನ್ನೇ ಬಿಟ್ಟು ಬೇರೆ ಕಡೆ ಹೊಸದು ಕಟ್ಟುತ್ತಿದ್ದರಂತೆ. ಬಿದಿರಿಗೆ, ಹುಲ್ಲಿಗೆ ಆಗ ಬರವಿರಲಿಲ್ಲ. ಫಾರೆಸ್ಟಿನವರು ಬಿದಿರು ಕಡಿಯಲು ಬಿಡದೆ ಹೋದ ಮೇಲೆ ಮನೆ ಬಿಡುವುದು ನಿಂತು, ಬಾಗಿಲು ಬದಲಿಸುವುದು ಬಂತು. ಹೆಣ ಹೊರಗೆ ಹೋದ ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚುತ್ತಾರೆ, ಬೇರೆ ಗೋಡೆಯಲ್ಲಿ ಹೊಸ ಬಾಗಿಲು ತೆಗೆಯುತ್ತಾರೆ. ಸತ್ತವರು ತಾವು ಹೊರಗೆ ಹೋದ ದಾರಿ ಹಿಡಿದು ಬರುತ್ತಾರೆ, ಬಾಗಿಲು ಸಿಗದಿದ್ದರೆ ಗೋಡೆ ತಡವಿ ಹೊರಟುಹೋಗುತ್ತಾರೆ. ಹಾಗೆ ಸಾವಿನ ಲೆಕ್ಕದಲ್ಲಿ ತೆಗೆದ ಬಾಗಿಲನ್ನು ಮತ್ತೆ ಸುಮ್ಮನೆ ಮುಚ್ಚುವ ಹಾಗಿಲ್ಲ. ಅದರಲ್ಲಿ ಇನ್ನೊಂದು ಹೆಣ ದಾಟಿದ ಮೇಲೆಯೇ ಅದನ್ನು ಮುಚ್ಚುವುದು.

ಮಗ ಹೋದ ಮರುವರ್ಷದ ಕೊಯ್ಲಿಗೆ ಅತ್ತೆ ಮತ್ತು ನಾನು ಚೇಕಾಡಿಯ ಗದ್ದೆಗಳಿಗೆ ಹೋಗಿದ್ದೆವು. ಕೊಯ್ಲು ಮುಗಿಯುವವರೆಗೂ ಅಲ್ಲೇ ಇದ್ದೆವು. ಕೂಲಿಯ ಭತ್ತದ ಗಂಟು ತಲೆಯ ಮೇಲಿಟ್ಟುಕೊಂಡು ಕಾಡಿನ ದಾರಿಯಲ್ಲಿ ವಾಪಸು ಬಂದೆವು. ಆದ್ದರಿಂದ ಮೊದಲು ಕಂಡದ್ದು ಬಾಗಿಲಿನ ಕಡೆಯ ಗೋಡೆ. ಅತ್ತೆ ಮುಂದೆ ಇದ್ದರು. ಅವರು ನಿಂತರು. ನಾನು ಹಿಂದಿನಿಂದ ಹೋಗಿ ಅವರಿಗೆ ತಾಗಿದೆ.

ಹಳೆಯ ಗೋಡೆ ಒಣಗಿ ಬಿಳಿಚಿತ್ತು. ಅದರ ನಡುವೆ, ಬಾಗಿಲು ಇದ್ದಷ್ಟೇ ಎತ್ತರಕ್ಕೆ, ಇದ್ದಷ್ಟೇ ಅಗಲಕ್ಕೆ, ಹಸಿ ಮಣ್ಣು ಕಪ್ಪಗೆ ಇತ್ತು.

ಮಾಡಿದವರು ಅತ್ತೆಯ ತಮ್ಮ, ನಾನು ಮಾವ ಎನ್ನುತ್ತಿದ್ದವರು. ಹಾಡಿಯ ಮೂಪರು ಅವರೇ, ಅಂದರೆ ಯಜಮಾನರು. ಅಕ್ಕ ಎಂದರೆ ಅವರಿಗೆ ಜೀವ. ಅಕ್ಕ ನಿದ್ದೆ ಮಾಡುವುದಿಲ್ಲ, ತರಗೆಲೆ ಅಲ್ಲಾಡಿದರೆ ಎದ್ದು ಕೂರುತ್ತಾಳೆ, ಅವಳ ಸಂಕಟ ತೀರಲಿ ಎಂದೇ ಹಾಡಿಯ ಗಂಡಸರನ್ನು ಸೇರಿಸಿಕೊಂಡು ಅವರು ಈ ಕೆಲಸ ಮಾಡಿದ್ದರು. ಹಳೆಯ ಬಾಗಿಲಿನ ತಟ್ಟಿಯನ್ನೇ ತೆಗೆದು ಎದುರು ಗೋಡೆಯಲ್ಲಿ, ರಸ್ತೆಯ ಕಡೆಗೆ, ಹೊಸ ಬಾಗಿಲು ಕಟ್ಟಿದ್ದರು. ನಮ್ಮನ್ನು ಕಂಡು ಆ ಕಡೆಯಿಂದ ಬಂದರು.

"ಯಾರು ಸತ್ರು ನನ್ ಮನೇಲಿ?" ಎಂದು ಅತ್ತೆ ಕೇಳಿದರು.

"ಅಕ್ಕ, ಒಳಿಕ್ಕೆ ಬಾ. ಈ ಕಡೇಲಿ ಬಾ. ಕೂತ್ಕಂಡು ಮಾತಾಡಾನ."

"ಕೇಳಿದ್ದಕ್ಕೆ ಹೇಳು. ಹೆಣ ಎಲ್ಲದೆ? ಯಾರು ಹೊತ್ರು? ನಾನಿಲ್ದಾಗ ನನ್ ಮನೇಲಿ ಯಾರು ಸತ್ರು?"

ಮಾವ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬಾವಲಿ ಚೆಕ್‌ಪೋಸ್ಟ್‌ತಾವ ಲಾರಿಯವ್ನೊಬ್ಬ ಹೇಳ್ದ ಅಕ್ಕ. ಆಚೆ ಕಾಡೊಳಗೆ ಯಾರ್ನೋ ಸುಟ್ಟಾಕವ್ರಂತೆ. ಉದ್ದಕೆ ಇದ್ನಂತೆ."

"ಉದ್ದಕಿರೋರೆಲ್ಲ ನನ್ ಮಗನಾ?"

"ಅಕ್ಕ..."

"ನೀ ನೋಡ್ದಾ? ನಿನ್ ಕಣ್ಣಲ್ಲಿ ನೋಡ್ದಾ?"

"ಇಲ್ಲ."

ಅತ್ತೆ ಭತ್ತದ ಗಂಟು ಇಳಿಸಿದರು. ಗೋಡೆಯ ಹತ್ತಿರ ಹೋಗಿ ಹಸಿ ಮಣ್ಣಿಗೆ ಬೆರಳು ಹಾಕಿದರು. ಕೊಯ್ಲು ಕೊಯ್ದು ಸೀಳಿದ ಬೆರಳುಗಳು. ಮಣ್ಣು ಇನ್ನೂ ಹಿಡಿದಿರಲಿಲ್ಲ, ಹಿಡಿ ಹಿಡಿಯಾಗಿ ಬಂತು. ಅವರು ಅಳಲಿಲ್ಲ, ಬೈಯಲಿಲ್ಲ, ಕೀಳುತ್ತಾ ಹೋದರು. ನಾನೂ ಸೇರಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಮಾವನೂ ಬಂದು ಪಕ್ಕದಲ್ಲಿ ನಿಂತು, ತಾವೇ ಮೆತ್ತಿದ ಮಣ್ಣನ್ನು ಕೀಳತೊಡಗಿದರು. ಅವರ ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮಣ್ಣಾಗಿತ್ತು. ಅತ್ತೆ ತಮ್ಮ ಸೆರಗಿನಿಂದ ತಮ್ಮನ ಮೂಗು ಒರೆಸಿ, ಮತ್ತೆ ಗೋಡೆಗೆ ತಿರುಗಿದರು.

ಹಳೆಯ ಬಾಗಿಲು ಮರಳಿ ಬಂತು. ಹೊಸದನ್ನು ಮುಚ್ಚುವಂತಿರಲಿಲ್ಲ. ಮುಚ್ಚಬೇಕಾದರೆ ಅದು ಒಂದು ಹೆಣ ಕೇಳುತ್ತದೆ. ಹಾಗೆ ನಮ್ಮ ಒಂದು ಕೋಣೆಯ ಮನೆಗೆ ಎದುರುಬದುರು ಎರಡು ಬಾಗಿಲಾದವು.

ಎರಡು ಬಾಗಿಲಿನ ನಡುವೆ ಬದುಕುವುದು ಹೇಗೆ ಎಂದು ಅತ್ತೆ ಉಳಿದ ಆಯುಷ್ಯವೆಲ್ಲ ಯೋಚಿಸಿದರು ಎಂದರೆ ತಪ್ಪಾಗಲಾರದು. ಸಣ್ಣ ಮನೆಯ ನಡುವನ್ನೇ ದಾರಿ ತಿಂದುಹಾಕಿತ್ತು. ಗಾಳಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುವಾಗ ಒಲೆಯ ಬೆಂಕಿಯನ್ನು ಒಯ್ಯುತ್ತಿತ್ತು. ಕೋಳಿಗಳು ಅತ್ತಲಿಂದ ಇತ್ತ ಸಾಲಾಗಿ ದಾಟುತ್ತಿದ್ದವು. ಹಾಡಿಯ ಹೆಂಗಸರು ಸೌದೆಯ ಹೊರೆ ಹೊತ್ತು, ಸುತ್ತಿ ಬರುವುದು ಬೇಡ ಎಂದು, ನಮ್ಮ ಮನೆಯೊಳಗಿಂದಲೇ ಹಾದು ಹೋಗುತ್ತಿದ್ದರು. ಒಬ್ಬಳು ನಡುವೆ ನಿಂತು ಹೊರೆ ಸರಿಮಾಡಿಕೊಳ್ಳುತ್ತಾ, "ಮನೆಯೋ ಬಸ್ ಸ್ಟ್ಯಾಂಡೋ ಅತ್ತೆ ಇದು?" ಎಂದಳು. "ಬಸ್ ಸ್ಟ್ಯಾಂಡೇ ಕಣವ್ವ. ನೀ ಇಳ್ಕೊ, ಬರೋರು ಇನ್ನೂ ಅವ್ರೆ," ಎಂದರು ಅತ್ತೆ. ಆಕೆ ನಗಲು ಬಾಯಿ ತೆರೆದವಳು ನಗದೆ ಹೊರಟುಹೋದಳು.

ಒಲೆಯನ್ನು ಅವರು ಎಷ್ಟು ಸಲ ಕಿತ್ತು ಹಾಕಿದರೋ. ಈ ಮೂಲೆಗೆ ಇಟ್ಟರೆ ಹೊಗೆ ಚಾಪೆಯ ಮೇಲೆ. ಆ ಮೂಲೆಗೆ ಇಟ್ಟರೆ ನೀರಿನ ಗಡಿಗೆಗೆ ಜಾಗವಿಲ್ಲ. ಒಂದು ಅಡ್ಡ ತಟ್ಟಿ ಕಟ್ಟಿ ಗಾಳಿ ತಡೆದರು. ಆಗ ಇಬ್ಬರು ಉಣ್ಣುವಷ್ಟು ಜಾಗ ಹೋಯಿತು. ಒಬ್ಬರು ಉಂಡ ಮೇಲೆ ಇನ್ನೊಬ್ಬರು ಉಣ್ಣತೊಡಗಿದೆವು. ಕೆಲವು ಕಾಲದ ಮೇಲೆ ಆ ತಟ್ಟಿಯನ್ನೂ ತೆಗೆದರು. "ಒಬ್ಬೊಬ್ಬರೇ ಉಣ್ಣೋದು ಬ್ಯಾಡ ಕೂಸೆ, ಹೊಗೆ ಕುಡ್ಕಂಡೇ ಇರಾನ." ಎಲ್ಲ ಗೆರೆಗಳೂ ಬದಲಾಗುತ್ತಿದ್ದವು. ಬದಲಾಗದೆ ಇದ್ದದ್ದು ಕಾಡಿನ ಬಾಗಿಲು ಮತ್ತು ಅದರ ಪಕ್ಕದ ಚಾಪೆಯ ಜಾಗ.

ದಿನಬಳಕೆಗೆ ನಾವು ರಸ್ತೆಯ ಬಾಗಿಲನ್ನೇ ಬಳಸಿದೆವು. ಕಾಡಿನ ಬಾಗಿಲಿಗೆ ಅತ್ತೆ ಹೊಸ ತಟ್ಟಿ ಹೆಣೆದರು, ಆದರೆ ಒಳಗಿನಿಂದ ಕಟ್ಟಲು ಹಗ್ಗ ಇಡಲಿಲ್ಲ. ಆನೆ ಬಂದರೆ ಏನು ಮಾಡುವುದು ಎಂದು ಕೇಳಿದೆ. "ಆನೇಗೆ ಹಗ್ಗ ಯಾವ ಲೆಕ್ಕ? ಹಗ್ಗ ಕಟ್ಟಿದ್ರೆ ನಿಲ್ಲೋನು ಅವನೊಬ್ನೇ," ಎಂದರು.

ಮೂರೋ ನಾಲ್ಕೋ ವರ್ಷ ಕಳೆದ ಮೇಲೆ ನನ್ನ ಅಣ್ಣ ಹೊಳೆ ದಾಟಿ ನನ್ನನ್ನು ಕರೆದೊಯ್ಯಲು ಬಂದ. ನಮ್ಮವರಲ್ಲಿ ಹೆಣ್ಣು ಇನ್ನೊಂದು ಮದುವೆಯಾಗುವುದು ತಪ್ಪಲ್ಲ. ಒಬ್ಬರನ್ನು ನೋಡಿಯೂ ಇಟ್ಟಿದ್ದ. ತಿಣ್ಣೆಯ ಮೇಲೆ ಕೂತು ಅತ್ತೆಗೇ ಹೇಳಿದ, "ಅತ್ತೆ, ಇವಳ್ಗೇನು ವಯಸ್ಸಾಗದಾ? ಎಷ್ಟು ದಿನ ಅಂತ ಇಲ್ಲಿ ಕಾಯ್ಕಂಡು ಕೂರ್ತಾಳೆ? ನೀವೇ ಹೇಳಿ ಕಳ್ಸಿ." ಅತ್ತೆ ಅವನಿಗೆ ಎಲೆ ಅಡಿಕೆ ಕೊಟ್ಟು, "ಒಂದಿನ ತಡಿ ಮಗಾ, ನಾಳೆ ಹೇಳ್ತೀನಿ," ಎಂದರು.

ಮರುದಿನ ನಾನು ನೀರು ತಂದು ಬರುವ ಹೊತ್ತಿಗೆ ಅವರು ಮನೆಯ ಎಲ್ಲ ಸಾಮಾನನ್ನೂ ಅಂಗಳಕ್ಕೆ ಹಾಕಿ, ಬರಿ ನೆಲದ ಮೇಲೆ ಬೂದಿಯ ಗೆರೆ ಎಳೆಯುತ್ತಿದ್ದರು. ನನ್ನನ್ನು ಕರೆದು, "ಇಲ್ಲಿ ಮನೀಕೊ," ಎಂದರು. ಮಲಗಿದೆ. ನನ್ನ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು, ಅಲ್ಲಿ ಒಂದು ದಿಮ್ಮಿ ಇಟ್ಟರು.

"ಇದ್ಯಾರು?" ಎಂದೆ.

"ನಿಮ್ಮಣ್ಣ ನೋಡಿರೋನು. ಅವ್ನು ಇಲ್ಲಿಗೇ ಬರ್ಲಿ. ನೀ ಹೋಗ್ಬ್ಯಾಡ. ಜಾಗ ಮಾಡ್ತೀನಿ."

ಅವರು ತಾವೇ ಒಲೆಯ ಪಕ್ಕದಲ್ಲಿ ಮಲಗಿ ನೋಡಿದರು. ಕಾಲು ದಿಮ್ಮಿಗೆ ತಾಗಿತು. ಎದ್ದು ಗೆರೆ ಒರೆಸಿದರು. ಒಲೆಯನ್ನು ಹೊರಗೆ ತಿಣ್ಣೆಗೆ ಹಾಕಿ ಎಳೆದರು. ತಾವು ಬಾಗಿಲಿಗೆ ಅಡ್ಡ ಮಲಗುವ ಹಾಗೆ ಎಳೆದರು. ಕೂತು ನಿದ್ದೆ ಮಾಡುವವರ ಹಾಗೆ ಗೋಡೆಗೆ ಒರಗಿ, ಮಂಡಿ ಎದೆಗೆ ಒತ್ತಿ ನೋಡಿದರು. ಮಗನ ಚಾಪೆಯ ಜಾಗ ಒಂದನ್ನು ತೆಗೆದರೆ ಎಲ್ಲವೂ ಹಿಡಿಯುತ್ತಿತ್ತು. ಅದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಅವರ ಕೈ ಒಂದು ಸಲ ಆ ಗೆರೆಯ ಮೇಲೆ ಹೋಗಿ ನಿಂತಿತು. ಆಮೇಲೆ ಹಿಂದೆ ಬಂತು.

ಮಧ್ಯಾಹ್ನದ ಹೊತ್ತಿಗೆ ಅವರ ಸೀರೆ, ಮುಖ, ತೋಳು ಎಲ್ಲ ಬೂದಿ. ನೆಲದ ಮೇಲೆ ಕೂತು ನನ್ನ ಪಾದ ಹಿಡಿದುಕೊಂಡು ಹೇಳಿದರು, "ಆಗಕಿಲ್ಲ ಕೂಸೆ. ಎಂಗೆ ಹಾಕಿದ್ರೂ ಸಾಲಕಿಲ್ಲ. ನೀ ಓಗು."

ನಾನು ಹೋಗಲಿಲ್ಲ. ಅಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಯಾರಿಗಾಗಿ ಉಳಿದೆ ಎಂದು ಹಲವರು ಕೇಳಿದ್ದಾರೆ. ಅಂದು ಅಂಗಳದಲ್ಲಿದ್ದ ಸಾಮಾನನ್ನೆಲ್ಲ ಅತ್ತೆ ಒಬ್ಬರೇ ಒಳಗೆ ತರುವುದನ್ನು ನೋಡಿಕೊಂಡು ಬಸ್ಸು ಹತ್ತಲು ಆಗಲಿಲ್ಲ.

ಕಾಲ ಬದಲಾಯಿತು. ಕ್ಯಾಂಪುಗಳು ಹೋದವು. ಕಾಡಿನ ಹುಡುಗರಲ್ಲಿ ಕೆಲವರು ಸತ್ತರು, ಕೆಲವರು ಜೈಲಿನಿಂದ ಬಂದು ಅಂಗಡಿ ಇಟ್ಟರು. ಅವರಲ್ಲಿ ಒಬ್ಬನನ್ನು ಅತ್ತೆ ಹುಡುಕಿಕೊಂಡು ಹೋಗಿ ಕೇಳಿದರು. ಅವನಿಗೆ ಏನೂ ಗೊತ್ತಿರಲಿಲ್ಲ. ತಿಣ್ಣೆಯ ಮೇಲೆ ಕುಡಿದ ಗಂಜಿ ಮಾತ್ರ ನೆನಪಿತ್ತು. ಹಾಡಿಯನ್ನು ಜನ ಕಾಲನಿ ಎನ್ನತೊಡಗಿದರು. ರಸ್ತೆಯ ಕಡೆ ನಲ್ಲಿ ಬಂತು. ಆಮೇಲೆ ಸರ್ಕಾರದಿಂದ ಹುಲ್ಲು ಮನೆಗಳಿಗೆ ಇಟ್ಟಿಗೆ ಗೋಡೆ, ಹೆಂಚು ಹಾಕಿಸಿಕೊಡುತ್ತಾರೆ ಎಂದಾಯಿತು.

ಅಳತೆಗೆ ಬಂದ ಓವರ್ಸಿಯರು ಟೇಪು ಹಿಡಿದು ಒಳಗೆ ಬಂದು ಅದೇ ಹೆಜ್ಜೆಯಲ್ಲಿ ಇನ್ನೊಂದು ಕಡೆಯಿಂದ ಹೊರಗೆ ಹೋಗಿಬಿಟ್ಟರು. ತಿರುಗಿ ಬಂದು, ಇಷ್ಟು ಸಣ್ಣ ಮನೆಗೆ ಎರಡು ಬಾಗಿಲು ಯಾಕೆ, ಕಾಡಿನ ಕಡೆಯದು ಮುಚ್ಚಿ ಅಲ್ಲಿ ಒಂದು ಕಿಟಕಿ ಇಡೋಣ ಎಂದು ಮಲಯಾಳದಲ್ಲಿ ಹೇಳಿದರು.

"ಕಿಟಕೀಲಿ ಬರಕ್ಕೆ ಅವನೇನು ಕಳ್ನಾ?" ಎಂದರು ಅತ್ತೆ.

ಓವರ್ಸಿಯರು ನನ್ನ ಮುಖ ನೋಡಿದರು.

ಉಪಾಯ ಮಾಡಿದವನು ಮೇಸ್ತ್ರಿ. ಪಯ್ಯಂಪಳ್ಳಿಯವನು, ಅಲ್ಲಿನ ಚರ್ಚು ಕಟ್ಟಿದವರ ಗುಂಪಿನಲ್ಲಿ ಇದ್ದವನು. ಚರ್ಚಿಗೆ ಪಳ್ಳಿ, ಕೆಲಸಕ್ಕೆ ಪಣಿ ಎನ್ನುತ್ತಾ ನಮ್ಮ ಕನ್ನಡವನ್ನು ತನ್ನ ಮಲಯಾಳಕ್ಕೆ ಬೆರೆಸಿ ಮಾತಾಡುತ್ತಿದ್ದ. "ಸಾರೆ, ಅದು ಬಾಗಿಲಲ್ಲ, ಹೊಗೆ ಹೋಗ್ಲಿಕ್ಕೆ ಬಿಟ್ಟದ್ದು," ಎಂದ. "ಆಳೆತ್ತರದ ಹೊಗೆಯಾ?" ಎಂದು ಓವರ್ಸಿಯರು ಕೇಳಿದರು. "ಇವರ ಒಲೆ ನೀವು ನೋಡ್ಲಿಲ್ಲ ಸಾರೆ." ಅವರು ನಕ್ಕು ಹೊರಟುಹೋದರು.

ಆಮೇಲೆ ಮೇಸ್ತ್ರಿ ಅತ್ತೆಯ ಮುಂದೆ ಕೂತು, "ಅಮ್ಮಚ್ಚಿ, ಪಳ್ಳಿಯಲ್ಲೂ ಜನ ದೇವರಿಗೆ ಇಷ್ಟು ಕಾಯೋದಿಲ್ಲ. ಹೇಳಿ, ಪಣಿ ಹೇಗೆ ಮಾಡ್ಬೇಕು?" ಎಂದ. ಅತ್ತೆ ಬೂದಿ ತಂದರು. ಗೋಡೆಗಳು ಇದ್ದಲ್ಲೇ, ಬಾಗಿಲುಗಳು ಇದ್ದಲ್ಲೇ. ಒಂದೇ ಒಂದು ಬದಲಾವಣೆ.

"ಈ ಕಾಡ್ಕಡೆ ಬಾಗ್ಲ ಒಸಿ ಎತ್ತರ ಮಾಡ್ಬೇಕು."

"ಎಷ್ಟು?"

ಅತ್ತೆ ನನ್ನನ್ನು ಬಾಗಿಲಿನ ಜಾಗದಲ್ಲಿ ನಿಲ್ಲಿಸಿದರು. ಬೆನ್ನು ನೇರ ಮಾಡು ಎಂದರು. ಒರಳನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ, ನನ್ನ ನೆತ್ತಿಯ ಮೇಲೆ ಒಂದು ಗೇಣು ಇಟ್ಟರು. "ಇಲ್ಲೀಗಂಟ ಅವ್ನು. ಅದರ ಮ್ಯಾಲೆ ನಾಕು ಬೆಳ್ಳು ಬಿಡು. ತಲೇಗೆ ಟವಲು ಸುತ್ಕತಾನೆ." ಮೇಸ್ತ್ರಿ ಪೆನ್ಸಿಲನ್ನು ಕಿವಿಯಿಂದ ತೆಗೆದು ಹಳೆಯ ಗೋಡೆಯ ಮೇಲೆ ಗುರುತು ಹಾಕಿದ. ತಮಾಷೆಯ ಮನುಷ್ಯ, ಆದರೆ ಆಗ ತಮಾಷೆ ಮಾಡಲಿಲ್ಲ. "ಶರಿ ಅಮ್ಮಚ್ಚಿ," ಎಂದ, ಅಷ್ಟೆ.

ಅವನು ಹೋದ ಮೇಲೆ ನಾನು ಕೇಳಿದೆ, "ಅತ್ತೆ, ಮ್ಯಾಲೆ ಎತ್ತರ ಆದ್ರೆ ತಲೆ ಬಡಿಯೋ ಸದ್ದು ಕೇಳ್ಸಕಿಲ್ಲವಲ್ಲ? ಬಂದದ್ದು ಎಂಗೆ ಗೊತ್ತಾಗದು?"

ಅವರು ಒರಳನ್ನು ಮತ್ತೆ ನೆಟ್ಟಗೆ ಇಟ್ಟರು. "ಸದ್ದು ಇಲ್ದಿದ್ರೆ ಬ್ಯಾಡ. ಅವ್ನು ಬರ್ಲಿ," ಎಂದರು.

ಮನೆಗೆ ಇಟ್ಟಿಗೆ ಬಂತು, ಹೆಂಚು ಬಂತು. ಸೋರುವುದು ನಿಂತಿತು. ಅತ್ತೆ ಮಾತ್ರ ಕುಗ್ಗುತ್ತಾ ಬಂದರು. ಕಳೆದ ಮಳೆಗಾಲಕ್ಕೆ ಮುಂಚೆ ಹಾಸಿಗೆ ಹಿಡಿದರು. ಉಸಿರು ಎಳೆಯುವುದೇ ಕಷ್ಟವಾಗಿತ್ತು. ಆಸ್ಪತ್ರೆಗೆ ಒಯ್ದು ವಾಪಸು ತಂದೆವು. ಮಲಗಿದಲ್ಲಿಂದಲೇ ಕಣ್ಣಿನಲ್ಲಿ ಮನೆಯನ್ನು ಅಳೆಯುತ್ತಿದ್ದರು. ಒಂದು ದಿನ ನನ್ನನ್ನು ಹತ್ತಿರ ಕರೆದು, ತಮ್ಮನನ್ನೂ ಕರೆಸು ಎಂದರು. ಮಾವನಿಗೂ ಆಗ ವಯಸ್ಸಾಗಿ ಕೋಲು ಬಂದಿತ್ತು. ಅವರು ಬಂದು ಕೂತರು.

"ನನ್ನ ರಸ್ತೆ ಕಡೆ ಬಾಗ್ಲಲ್ಲಿ ಎತ್ಕಂಡೋಗಿ," ಎಂದರು ಅತ್ತೆ.

"ಸುಮ್ನಿರಕ್ಕ. ಏನೇನೋ ಮಾತಾಡ್ಬ್ಯಾಡ."

"ಕೇಳು. ಆ ಬಾಗ್ಲು ನೀ ತೆಗ್ದಿದ್ದು. ಅದಕ್ಕೊಂದು ಹೆಣ ಬೇಕಲ್ಲ? ನಾ ಹೋಗ್ತೀನಿ. ನೀನೇ ಮುಚ್ಚು. ಈ ಕೂಸು ಕಾಡ್ಕಡೆ ಬಾಗ್ಲಲ್ಲಿ ಓಡಾಡ್ಲಿ. ಜನ ಓಡಾಡಿದ್ರೆ ದಾರಿ ಸವೀತದೆ. ಸವ್ದಿದ್ರೆ ಅವ್ನಿಗೆ ಕಾಣ್ತದೆ."

ಆಮೇಲೆ ನನಗೆ ಅರ್ಥವಾಯಿತು. ಇಷ್ಟು ವರ್ಷ ಮುಚ್ಚಲಾಗದೆ ಇದ್ದ ಬಾಗಿಲನ್ನು ಮುಚ್ಚುವುದಕ್ಕೆ ಅವರು ತಮ್ಮನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಹೋದವರು ಬಂದು ಗೋಡೆ ತಡವುತ್ತಾರೆ ಎನ್ನುವುದು ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ತಾವು ತಿರುಗಿ ಬರುವ ದಾರಿಯನ್ನು ಮುಚ್ಚಿಸಿಕೊಂಡು ಮಗನ ದಾರಿಯನ್ನು ಉಳಿಸಿದರು.

"ನೀ ಬರಾದು ಬ್ಯಾಡ್ವಾ ಅತ್ತೆ?" ಎಂದು ನಾನು ಅಳುತ್ತಾ ಕೇಳಿದೆ.

"ಇಬ್ರಿಗೂ ಬಾಗ್ಲು ಇಡಕ್ಕೆ ಮನೆ ಎಲ್ಲದೆ ಕೂಸೆ? ಸಣ್ಣದು," ಎಂದರು. ಮನೆಯನ್ನು ಸಣ್ಣದು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಹೇಳಿದ ಹಾಗೇ ಮಾಡಿದೆವು. ಮಾವ ತಾವೇ ಮಣ್ಣು ತುಳಿದರು. ಇಟ್ಟಿಗೆ ಗೋಡೆಗೆ ಸಿಮೆಂಟು ಹಾಕಿ ಎಂದು ಹುಡುಗರು ಹೇಳಿದರೂ ಕೇಳದೆ, ಕೋಲು ಒಂದು ಕಡೆ ಇಟ್ಟು, ಬಿದಿರ ತಟ್ಟಿ ಕಟ್ಟಿ ಮಣ್ಣು ಮೆತ್ತಿದರು. "ಈ ಸಲ ಸರಿಯಾಗಿ ಮುಚ್ತಾ ಇದೀನಿ ಅಕ್ಕ," ಎಂದು ಗೋಡೆಗೇ ಹೇಳುತ್ತಿದ್ದರು. ಅದು ಹಸಿಯಾಗಿದ್ದಷ್ಟು ದಿನವೂ ನಾನು ಆ ಕಡೆ ತಲೆಹಾಕಿ ಮಲಗಲಿಲ್ಲ. ಯಾರಾದರೂ ತಡವುವ ಸದ್ದು ಕೇಳಿದರೆ ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂದೂ ಅತ್ತುಬಿಟ್ಟೆ.

ಈಗ ರಸ್ತೆ ಒಂದು ಕಡೆ, ನಲ್ಲಿ ಅದೇ ಕಡೆ, ನನ್ನ ಬಾಗಿಲು ಇನ್ನೊಂದು ಕಡೆ. ಕೊಡ ಹಿಡಿದು ಕಾಡಿಗೆ ಮುಖ ಮಾಡಿ ಹೊರಟು, ಮನೆಯನ್ನು ಸುತ್ತಿ ಬಂದು ನೀರು ಹಿಡಿಯುತ್ತೇನೆ. ನೋಡಿದವರು ನಗುತ್ತಾರೆ. ಗಾಳಿ ಮನೆಯೊಳಗೆ ಹಾಯುವುದಿಲ್ಲ, ಒಲೆ ಚೆನ್ನಾಗಿ ಉರಿಯುತ್ತದೆ. ಇಬ್ಬರು ಉಣ್ಣುವಷ್ಟು ಜಾಗ ಇದೆ, ಬೆನ್ನು ತಿರುಗಿಸಿ ಕೂರುವಷ್ಟು ಜಾಗವೂ ಇದೆ. ಅಂಗಳದಿಂದ ಕಾಡಿನವರೆಗೆ ಕಾಲುದಾರಿ ಒಂದು ಸವೆದಿದೆ. ಸವೆಸಿದವಳು ನಾನೇ.

ಮಗನ ಚಾಪೆಯನ್ನು ಸಂಜೆ ಹಾಸುತ್ತೇನೆ, ಬೆಳಿಗ್ಗೆ ಸುತ್ತುತ್ತೇನೆ. ಮೇಸ್ತ್ರಿ ಮಾಡಿದ ಬಾಗಿಲು ಹಾಗೇ ಎತ್ತರಕ್ಕೆ ಇದೆ. ಅಷ್ಟು ಎತ್ತರದವರು ಮನೆಯಲ್ಲಿ ಯಾರೂ ಇಲ್ಲ.